ಲಾರಿಗೆ ಕೇಳಿದ ಹೂ

ಹೂ ಬೀಳಲಿಲ್ಲ.

ಬೀರಪ್ಪನ ಗುಡಿಯಲ್ಲಿ ಗಂಡ ಹೆಂಡತಿ ಕೂತು ಮುಕ್ಕಾಲು ಗಂಟೆಯಾಗಿತ್ತು. ಜಂಪಣ್ಣನ ಕಾಲು ಜೋಮು ಹಿಡಿದಿತ್ತು. ಪಕ್ಕದಲ್ಲಿ ಮಲ್ಲಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ದೇವರ ಎರಡೂ ಭುಜಕ್ಕೆ ಸೇವಂತಿಗೆ ಅಂಟಿಸಿ ಕಾಯುತ್ತಿದ್ದ ಪೂಜಾರಿ ಜುಂಜಣ್ಣ ಆಕಳಿಸಿದ.

"ಮನಸ್ನಾಗೆ ಸರಿಯಾಗಿ ಕೇಳ್ಕಂಡ್ಯೋ ಇಲ್ವೋ?"

"ಕೇಳ್ಕಂಡೀನಿ," ಎಂದ ಜಂಪಣ್ಣ. ಮಲ್ಲಕ್ಕನ ತುಟಿ ಮಾತ್ರ ಅಲುಗುತ್ತಿತ್ತು.

ಆ ಗುಡಿಯಲ್ಲಿ ಬಾಯಿಬಿಟ್ಟು ಕೇಳುವಂತಿಲ್ಲ. ಬಲದ ಹೂ ಬಿದ್ದರೆ ಹೂಂ, ಎಡದ್ದು ಬಿದ್ದರೆ ಉಹೂಂ. ಕೇಳಿಕೊಂಡದ್ದನ್ನು ಕೆಲಸ ಮುಗಿಯುವವರೆಗೆ ಯಾರಿಗೂ ಹೇಳಬಾರದು. ಜಂಪಣ್ಣ ಕೇಳಿಕೊಂಡದ್ದು ಇಷ್ಟೆ: ತಂದೆ, ಲಾರಿ ಇಟ್ಟುಕೊಳ್ಳಲೇ?

ಲಾರಿಗೆ ಇಪ್ಪತ್ತು ವರ್ಷವಾಗಿತ್ತು. ಮೀಟರು ಒಂಬತ್ತು ಲಕ್ಷ ಕಿಲೋಮೀಟರ್ ದಾಟಿ, ಇನ್ನು ನನ್ನಿಂದಾಗದು ಎಂದು ತಾನೇ ನಿಂತುಬಿಟ್ಟಿತ್ತು. ಹೊಸದುರ್ಗದ ಕುರಿ, ಹಿರಿಯೂರಿನ ಈರುಳ್ಳಿ ಹೊತ್ತು ಅದು ಕಾಣದ ಮಾರುಕಟ್ಟೆ ಇರಲಿಲ್ಲ. ಮುಂದಿನ ತಿಂಗಳು ಎಫ್.ಸಿ., ಅಂದರೆ ಲಾರಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟು, ಮುಗಿಯುತ್ತಿತ್ತು. ಈ ಸ್ಥಿತಿಯಲ್ಲಿ ಲಾರಿಯನ್ನು ತಪಾಸಣೆಗೆ ಒಯ್ದರೆ ನಗೆಪಾಟಲು. ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಬೇಕು, ಇಲ್ಲವೇ ಮಾರಬೇಕು.

ಮಾರಿಬಿಡಿ ಎಂದು ಮಲ್ಲಕ್ಕ ಒಂದು ವರ್ಷದಿಂದ ಹಟ ಹಿಡಿದಿದ್ದಳು. ಹೋದ ವರ್ಷ ಹೊಳಲ್ಕೆರೆ ದಾರಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಲಾರಿ ಬೇವಿನ ಮರಕ್ಕೆ ಗುದ್ದಿ ನಿಂತಿತ್ತು. ಅಂದಿನಿಂದ ಗಂಡ ಮನೆ ಸೇರುವವರೆಗೆ ಆಕೆಗೆ ತುತ್ತು ಇಳಿಯುತ್ತಿರಲಿಲ್ಲ.

"ಅರವತ್ತಾತು ನಿಮ್ಗೆ. ಒಂದು ಸಣ್ಣ ಗಾಡಿ ತಗಳ್ರಿ. ಹಾಲಿನ ಕ್ಯಾನು ಹೊಡ್ಕಂಡು ಸಂಜಿಗೆ ಮನೇಗಿರ್ರಿ," ಎನ್ನುತ್ತಿದ್ದಳು.

ಹಾಲಿನ ಕ್ಯಾನು! ಆ ಮಾತಿಗೇ ಜಂಪಣ್ಣನ ಮೈ ಉರಿಯುತ್ತಿತ್ತು. ಬಾಗೂರಿನಲ್ಲಿ ಅವನನ್ನು ಜನ ಕರೆಯುವುದೇ ಲಾರಿ ಜಂಪಣ್ಣ ಎಂದು. ಲಾರಿ ಹೋದರೆ ಉಳಿಯುವ ಜಂಪಣ್ಣ ಯಾರೆಂಬುದು ಅವನಿಗೇ ಗೊತ್ತಿರಲಿಲ್ಲ. ಆ ಹೆದರಿಕೆಯನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಹಾಗೆ ನೋಡಿದರೆ ಲಾರಿ ಇದ್ದದ್ದು ಅವಳ ಹೆಸರಿನಲ್ಲಿ. ಅದನ್ನು ಕೊಳ್ಳಲು ಮಾರಿದ್ದು ಅವಳ ತವರಿನವರು ಕೊಟ್ಟ ಕುರಿಗಳನ್ನು. ಆದರೆ ಇಪ್ಪತ್ತು ವರ್ಷದಲ್ಲಿ ಆಕೆ ಒಮ್ಮೆಯೂ ಆ ಮಾತು ಎತ್ತಿದವಳಲ್ಲ. ಜಗಳ ಬಗೆಹರಿಯದೆ ಕೊನೆಗೆ ದೇವರ ಮೇಲೆ ಭಾರ ಹಾಕಿದ್ದರು.

ಬಲಗಡೆಯ ಸೇವಂತಿಗೆ ಜಾರಿ ಕೆಳಗೆ ಬಿತ್ತು.

ಜಂಪಣ್ಣ ಹಿಗ್ಗಿ ಹೀರೇಕಾಯಿಯಾದ. ಹೆಂಡತಿಯ ಮುಖ ನೋಡಲು ಮಾತ್ರ ಧೈರ್ಯ ಸಾಲಲಿಲ್ಲ. ಮಲ್ಲಕ್ಕ ಹೂವನ್ನು ಕಣ್ಣಿಗೊತ್ತಿಕೊಂಡು ತುರುಬಿಗೆ ಮುಡಿದಳು.

ಗುಡಿಯಿಂದ ಹೊರಬಂದ ಮೇಲೆ ಅವನು ಜಗಳಕ್ಕೆ ಸಿದ್ಧನಾಗಿ ಗಂಟಲು ಸರಿಮಾಡಿಕೊಂಡ. "ನಾಳೇನೇ ಎಂಜಿನ್ ಬಿಚ್ಚುಸ್ತೀನಿ."

ಮಲ್ಲಕ್ಕ ನಡೆಯುವುದನ್ನು ನಿಲ್ಲಿಸಿ ಒಂದು ಗಳಿಗೆ ಅವನನ್ನೇ ನೋಡಿದಳು.

"ಬಿಚ್ಚುಸ್ರಿ," ಎಂದಳು. "ದೇವ್ರೇ ಹೇಳಿದ್ಮೇಲೆ ನಂದೇನೈತೆ?"

ಹಿರಿಯೂರಿನ ಗ್ಯಾರೇಜಿನಲ್ಲಿ ಲಾರಿ ಮೂರು ವಾರ ನಿಂತಿತು. ಒಂದು ದಿನ ಮಲ್ಲಕ್ಕ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ಗಂಡನ ಕೈಗೆ ಬುತ್ತಿ ಕೊಟ್ಟು, ನೇರವಾಗಿ ಮೆಕ್ಯಾನಿಕ್ ಮಾರುತೇಶನ ಎದುರು ನಿಂತಳು.

"ಬ್ರೇಕ್ ಪೂರಾ ಹೊಸಾದು ಹಾಕಪ್ಪ. ಟೈರೂ ಬದ್ಲಾಯ್ಸು. ಓಡ್ಸೋರ ಜೀವ ದೊಡ್ಡದು."

"ಅಷ್ಟೂ ಮಾಡಿದ್ರೆ ಇನ್ನೂ ಎಷ್ಟೋ ವರ್ಷ ಓಡ್ತೈತೆ ಬಿಡ್ರಿ ಅಕ್ಕ."

"ಓಡ್ಲಿ. ನಮ್ಗೂ ಹೆಸ್ರು ಬರ್ತೈತೆ."

ಇಂಥವಳ ಜೊತೆ ಒಂದು ವರ್ಷ ಕಿತ್ತಾಡಿದೆನಲ್ಲ ಎಂದು ಜಂಪಣ್ಣನಿಗೆ ನಾಚಿಕೆಯಾಯಿತು. ಬಣ್ಣ ಬಳಿಯುವವನು ಬಂದು ಹಿಂದುಗಡೆ ಏನು ಬರೆಯಲಿ ಎಂದಾಗ ಅವನು ಎರಡು ಸಲ ಯೋಚಿಸಲಿಲ್ಲ.

"ಮಲ್ಲಕ್ಕ ಅಂತ ಬರಿ. ದಪ್ಪಕ್ಷರದಾಗೆ."

"ಹೆಸ್ರು ಗಿಸ್ರು ಬ್ಯಾಡ," ಎಂದಳು ಮಲ್ಲಕ್ಕ. "ಖಾಲಿ ಬಿಡಪ್ಪ."

ಎಂಥ ದೊಡ್ಡ ಗುಣ ಎಂದುಕೊಂಡ ಜಂಪಣ್ಣ. ಅವನ ಕಣ್ಣು ಒದ್ದೆಯಾಯಿತು.

ಚಿತ್ರದುರ್ಗದಲ್ಲಿ ಲಾರಿ ಒಂದೇ ಏಟಿಗೆ ಎಫ್.ಸಿ. ಪಾಸಾಯಿತು. ಮಾರನೆಯ ಬೆಳಿಗ್ಗೆ ಜಂಪಣ್ಣ ಅದನ್ನು ಮನೆ ಮುಂದೆ ನಿಲ್ಲಿಸಿ, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದ. ಅಷ್ಟರಲ್ಲಿ ಬಿ.ದುರ್ಗದ ನಿರಂಜನ್ ಬೈಕಿನಿಂದಿಳಿದ. ಇಟ್ಟಿಗೆ ಭಟ್ಟಿಯ ಮಾಲೀಕ. ಲಾರಿಯ ಸುತ್ತ ಒಂದು ಸುತ್ತು ಬಂದ. ಟೈರು ತಟ್ಟಿದ. ಬಾಗಿ ಅಡಿಗೆ ಇಣುಕಿದ.

ಜಂಪಣ್ಣನ ಎದೆ ಉಬ್ಬಿತು. "ಹೊಸಾ ಲಾರಿ ಇದ್ದಂಗೈತೆ, ನೋಡು. ಎಲ್ಲಿಗಪ್ಪ ಬಾಡಿಗೆ?"

ನಿರಂಜನ್ ತಲೆ ಕೆರೆದುಕೊಂಡ. "ಬಾಡಿಗೀಗಲ್ಲಣ್ಣ. ರಿಪೇರಿ ಮುಗೀಲಿ, ಎಫ್.ಸಿ. ಆಗ್ಲಿ ಅಂತ ಅಕ್ಕ ಹೇಳಿದ್ರು. ಅದ್ಕೇ ಇಷ್ಟು ದಿನ ಕಾದೆ."

ಮಲ್ಲಕ್ಕ ತಟ್ಟೆಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಹೊರಬಂದಳು. ಎಲೆಯ ಪಕ್ಕ ಲಾರಿಯ ಕಾಗದಗಳಿದ್ದವು. ಅವುಗಳ ಮೇಲೆ ಆಕೆಯ ಸಹಿ ಆಗಲೇ ಬಿದ್ದಿತ್ತು. ನಿರಂಜನ್ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಜಂಪಣ್ಣನ ಕೈಯಿಂದ ಬಟ್ಟೆ ಜಾರಿತು.

"ಏನೇ ಇದು? ದೇವ್ರ ಮಾತು ಮೀರ್ತೀಯಾ? ಬಲದ ಹೂ ಬಿದ್ದಿದ್ದು ನೀನೇ ನೋಡಿದ್ಯಲ್ಲ!"

"ಎಲ್ಲಿ ಮೀರ್ದೆ? ಈಗ ಕೆಲ್ಸ ಮುಗೀತು, ಹೇಳಿದ್ರೂ ತಪ್ಪಿಲ್ಲ," ಎಂದಳು ಮಲ್ಲಕ್ಕ. "ಮಾರ್ಲಾ ಅಂತ ನಾನೂ ಅಲ್ಲೇ ಕುಂತು ಕೇಳ್ಕಂಡಿದ್ದೆ."