ಅಯ್ಯನವರಿಗೆ ಕೇಳಿಸದ ಮಾತು

ರೆವರೆಂಡ್ ದಾನಿಯೇಲಪ್ಪ ಕಟ್ಟೀಮನಿ. ಬೆಟಗೇರಿಯ ಒಂದು ಸಣ್ಣ ಚರ್ಚಿನ ಪಾಸ್ಟರ್.

ಸಭೆಯವರಿಗೆಲ್ಲ ಅವರು 'ಅಯ್ಯನವರು'.

ವಯಸ್ಸಾಗಿತ್ತು, ಮೊಣಕಾಲು ಹಿಡಿದುಕೊಂಡಿತ್ತು... ಆದರೆ ಧ್ವನಿ ಮಾತ್ರ ಇನ್ನೂ ಕಂಚಿನ ಗಂಟೆ! ಭಾನುವಾರ ಅವರು ಪ್ರಸಂಗಕ್ಕೆ ನಿಂತರೆ ಅಳುವ ಕೂಸುಗಳೂ ಸುಮ್ಮನಾಗುತ್ತಿದ್ದವು.

ಆ ಪ್ರಸಂಗ ತಯಾರಾಗುತ್ತಿದ್ದದ್ದು ಮಾತ್ರ ಶನಿವಾರ, ಮನೆಗೆಲಸದ ನಡುವೆ.

ನಲ್ಲಿ ನೀರು ಬಂದರೆ ಬ್ಯಾರಲ್ ತುಂಬುತ್ತಾ, ಬಿಳಿ ನಿಲುವಂಗಿಗೆ ಇಸ್ತ್ರಿ ಮಾಡುತ್ತಾ, ಬೂಟಿಗೆ ಪಾಲಿಶ್ ಉಜ್ಜುತ್ತಾ... ಮನೆಯೆಲ್ಲ ಕೇಳುವಂತೆ ನಾಳಿನ ಪ್ರಸಂಗ ಒಪ್ಪಿಸುತ್ತಿದ್ದರು.

ಮಕ್ಕಳಿಲ್ಲದ ಮನೆ. ಕೇಳಲು ಇದ್ದವರು ಹೆಂಡತಿ ಸುಗುಣಮ್ಮ ಒಬ್ಬರೇ.

ಕೊನೆಗೆ ಅಯ್ಯನವರು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಾಗ ಆಕೆ ತಿರುಗಿ ನೋಡಿ, "ಭಾಳ ಛಲೋ ಆತ್ರಿ" ಅನ್ನಬೇಕು. ಆಗಲೇ ಅವರಿಗೆ ಸಮಾಧಾನ.

ಅವತ್ತೂ ಶನಿವಾರ. ಪ್ರಸಂಗದ ವಿಷಯ, 'ದೇವರು ನಮ್ಮ ಮೊರೆ ಕೇಳುತ್ತಾನೆ'.

ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ಒಳ್ಳೆ ಹುರುಪಿನಲ್ಲಿದ್ದರು. ಅಷ್ಟರಲ್ಲಿ ಒಳಗಿನಿಂದ ಕುಕ್ಕರ್ ಸೀಟಿ... ಒಂದರ ಹಿಂದೊಂದು... ನಿಲ್ಲುವ ಮಾತೇ ಇಲ್ಲ.

"ಸುಗುಣಾ, ಕುಕ್ಕರ್ ಆರಸ!"

ಸೀಟಿ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಬೇಳೆ ಸೀದ ವಾಸನೆ ಹಿತ್ತಲಿಗೂ ಬಂತು.

ಮಾತಿನ ಎಳೆ ತಪ್ಪಿದ ಸಿಟ್ಟಿನಲ್ಲಿ ಅಯ್ಯನವರು ದಡದಡ ಒಳಗೆ ಬಂದರು. ಸುಗುಣಮ್ಮ ಬಾಗಿಲಿಗೆ ಬೆನ್ನು ಮಾಡಿ ಕೂತು, ನೆಗಡಿಯ ಮೂಗು ಒರೆಸಿಕೊಳ್ಳುತ್ತಾ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

"ಅವಾಗಿಂದ ಸೀಟಿ ಹೊಡಿಲಾಕತ್ತೈತಿ, ಕಿವಿ ಎಲ್ಲಿಟ್ಟೀ? ಒಂದು ಕೆಲಸಾನೂ ಮನಸಿಟ್ಟು ಮಾಡಾಂಗಿಲ್ಲ ನೀ!"

ಬೈಯುತ್ತಲೇ ಕೈ ಚಾಚಿ ಗ್ಯಾಸ್ ಆರಿಸಿದರು.

ಆ ಕೈ ಕಂಡಾಗ ಸುಗುಣಮ್ಮ ತಿರುಗಿದರು. ಮುಖದ ತುಂಬ ನಗು.

"ಮುಗೀತೇನ್ರಿ? ಈ ವಾರದ್ದು ಭಾಳ ಛಲೋ ಆತ್ರಿ."

ಪ್ರಸಂಗ ಇನ್ನೂ ಅರ್ಧಕ್ಕೇ ನಿಂತಿತ್ತು...

ಆಕೆ ಮತ್ತೆ ಸೊಪ್ಪಿನ ಕಡೆ ತಿರುಗಿದಾಗ, ಅಯ್ಯನವರು ಹಿಂದಿನಿಂದ ಮೆಲ್ಲಗೆ ಕರೆದರು. "ಸುಗುಣಾ..." ಆಮೇಲೆ ಜೋರಾಗಿ. ಆಕೆಯ ಬೆರಳುಗಳು ಸೊಪ್ಪು ಬಿಡಿಸುತ್ತಲೇ ಇದ್ದವು.

ಮೊಣಕಾಲು ನೋವು ಮರೆತು ಆಕೆಯ ಎದುರು ನೆಲದ ಮೇಲೆ ಕೂತರು.

"ನಿನಗ ಕೇಳಸ್ತೈತೇನು?"

ಸುಗುಣಮ್ಮ ಅವರ ತುಟಿಯನ್ನೇ ನೋಡಿದರು. ನಗು ಆರಿತು.

"ಇಲ್ರೀ."

"ಯಾವಾಗಿಂದ?"

"ಹ್ವಾದ ವರ್ಷ ಜ್ವರ ಬಂದಿತ್ತಲ್ರೀ... ಮೊದಲ ಗುಂಯ್ ಅಂತಿತ್ತು. ಬರ್ತಾ ಬರ್ತಾ ಅದೂ ನಿಂತು ಹೋತು. ನೀವು ಎದುರಿಗೆ ನಿಂತು ಮಾತಾಡಿದ್ರ ತುಟಿ ನೋಡಿ ತಿಳ್ಕೋತೀನಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ದೆ ಅಲ್ರೀ... 'ಈ ಭಾನುವಾರ ಒಂದು ಮುಗೀಲಿ, ದವಾಖಾನಿಗೆ ಹೋಗೂಣು' ಅಂದ್ರಿ. ಆಮ್ಯಾಲ ಕ್ರಿಸ್ಮಸ್ ಬಂತು. ಮತ್ತ ಸಭಾದ ಮದುವಿ ಬಂದ್ವು. ಎಷ್ಟಂತ ಹೇಳೂದು ಅಂತ ಸುಮ್ಮನಾದೆ."

ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಅದೇ ಅವರನ್ನು ಹೆಚ್ಚು ಚುಚ್ಚಿತು.

ಎಷ್ಟು ನೆನಪಿಸಿಕೊಂಡರೂ ಆಕೆ ಹಾಗೆ ಹೇಳಿದ್ದು ಅವರಿಗೆ ನೆನಪಾಗಲಿಲ್ಲ...

ಸೀದ ಕುಕ್ಕರ್ ಹಾಗೇ ಬಿಟ್ಟು, ಆಟೋ ಹಿಡಿದು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಪರೀಕ್ಷೆ ಮಾಡಿ ನಿಟ್ಟುಸಿರು ಬಿಟ್ಟರು. "ನರದ ಶಕ್ತಿ ಹೋಗೇದ ಅಯ್ಯನವರ. ಮಷಿನ್ ಹಾಕಿದ್ರ ಸದ್ದು ಗೊತ್ತಾಗಬಹುದು, ಮಾತು ತಿಳಿಯೂದು ಕಷ್ಟ. ಶುರುವಾದಾಗಲೇ ಬಂದಿದ್ರ... ಒಂದಿಷ್ಟು ಉಳಿಸಬಹುದಿತ್ತೇನೋ."

ಎಂತೆಂಥ ಸಾವು ನೋವಿನ ಮನೆಯಲ್ಲೂ ಮಾತು ಹುಡುಕಿ ಸಮಾಧಾನ ಹೇಳಿದ್ದ ಅಯ್ಯನವರು ಅಲ್ಲಿ ಬಗ್ಗಿ ಆಕೆಯ ಚಪ್ಪಲಿಯನ್ನು ಕಾಲ ಹತ್ತಿರ ಸರಿಸಿದರು.

ಹೊರಗೆ ಬಂದು ಸಭೆಯ ಹಿರಿಯರೊಬ್ಬರಿಗೆ ಫೋನ್ ಮಾಡಿದರು. "ನಾಳಿನ ಪ್ರಸಂಗ ನೀವೇ ಮಾಡ್ರಿ. ನನ್ನಿಂದ ಆಗೂದಿಲ್ಲ."

ಸಂಜೆ ಪ್ರಾರ್ಥನೆಯ ಹೊತ್ತು. ತಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಆಕೆಯ ಎದುರು ಕೂತು ಕೇಳಿದರು.

"ನಿನಗ ಏನು ಕಳ್ಕೊಂಡಂಗ ಅನಸ್ತೈತಿ, ಸುಗುಣಾ?"

ಒಳಗೊಳಗೇ ಒಂದು ಆಸೆ... 'ನಿಮ್ಮ ಪ್ರಸಂಗ' ಅನ್ನುತ್ತಾಳೇನೋ ಎಂದು.

"ಹಾಡ್ರೀ," ಅಂದರು ಸುಗುಣಮ್ಮ. "ಚರ್ಚಿನಾಗ ನಾ ಹಾಡೂದು ಬಿಟ್ಟು ಭಾಳ ದಿನ ಆತು. ಸುಮ್ನ ಬಾಯಿ ಆಡಸ್ತೀನಿ. ಸ್ವರ ತಪ್ಪಿದ್ರ ಮಂದಿ ಮುಂದ ನಿಮಗ ನಾಚಿಕಿ ಆಕ್ಕೈತಿ ಅಂತ..."



ಹರೆಯದಲ್ಲಿ ಹುಬ್ಬಳ್ಳಿಯ ಚರ್ಚಿನಲ್ಲಿ ಈಕೆಯ ಹಾಡು ಕೇಳಿಯೇ 'ಮದುವೆಯಾದರೆ ಇವಳನ್ನೇ' ಎಂದು ಹಟ ಹಿಡಿದವರು ಅಯ್ಯನವರು. ಆ ದನಿ ಚರ್ಚಿನಲ್ಲಿ ನಿಂತು ಇಷ್ಟು ದಿನವಾಗಿತ್ತು... ಪೀಠದ ಮೇಲೆ ನಿಂತವರಿಗೆ ಗೊತ್ತೇ ಆಗಿರಲಿಲ್ಲ!

"ಈಗ ಹಾಡು."

"ಬ್ಯಾಡ್ರೀ..."

"ಮಂದಿ ಯಾರೂ ಇಲ್ಲ. ನಾ ಒಬ್ಬಾವ ಅದೀನಿ. ಕೇಳ್ತೀನಿ."

ಸುಗುಣಮ್ಮ ಕಣ್ಣು ಮುಚ್ಚಿ ಹಾಡಿದರು. ಸ್ವರ ಎಲ್ಲೋ, ತಾಳ ಎಲ್ಲೋ. ಅಕ್ಷರ ಮಾತ್ರ ಒಂದೂ ಮರೆತಿರಲಿಲ್ಲ.

ಅಯ್ಯನವರು ನಡುವೆ ಬಾಯಿ ಹಾಕಲಿಲ್ಲ, ತಿದ್ದಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಹಾಡು ಮುಗಿಸಿ ಕಣ್ಣು ಬಿಟ್ಟ ಸುಗುಣಮ್ಮ ಗಂಡನ ಮುಖ ನೋಡಿ ಗಾಬರಿಯಾದರು.

"ಸ್ವರ ತಪ್ಪಿತೇನ್ರಿ?"

ಅಯ್ಯನವರು ಹೌದೆಂದು ತಲೆಯಾಡಿಸಿದರು. ಆಕೆಯ ಎರಡೂ ಕೈ ಹಿಡಿದುಕೊಂಡು, ತುಟಿ ಕಾಣುವಂತೆ ನಿಧಾನವಾಗಿ ಅಂದರು...

"ಇನ್ನೊಂದು ಹಾಡು."

*

ಊರಿಗೆಲ್ಲ ಬುದ್ಧಿ ಹೇಳುವ ಮೊದಲು, ಮನೆಯವರ ಒಂದು ಮಾತಿಗೆ ಕಿವಿ ಕೊಡಬೇಕು... ಯಾಕಂದರೆ ಕೆಲವು ಮಾತಿಗೆ 'ಆಮೇಲೆ' ಅನ್ನುವುದು ಇರುವುದಿಲ್ಲ.

ಇವತ್ತು ನಿಮ್ಮ ಮನೆಯಲ್ಲಿ ಹೇಳಿ ಹೇಳಿ ಸುಮ್ಮನಾದವರು ಯಾರಾದರೂ ಇದ್ದಾರೆಯೇ...?