ಮನೆ ಹಿಡಿದಿಟ್ಟ ಜಾಗ

ನಮ್ಮ ಮನೆಯನ್ನು ನಡೆಸುವ ಮೂಲ ತಂತ್ರಾಂಶ, ಅದರ ಕರ್ನೆಲ್, ಬಂದವರಿಗೆಲ್ಲ ತನ್ನ ಮೆಮೊರಿಯಲ್ಲಿ ಜಾಗ ಕೊಡುತ್ತದೆ, ಹೋದ ಮೇಲೆ ತೆರವು ಮಾಡುತ್ತದೆ. ಈಚೆಗೆ ತೆರವು ನಿಂತು, ಮೆಮೊರಿ ತುಂಬಿದಷ್ಟೂ ಗೋಡೆಗಳು ಒಳಸರಿದು ಅಡುಗೆಮನೆಯೊಂದೇ ಉಳಿದಿದೆ. ಕಿರಿದಾದ ಬಾಗಿಲಲ್ಲಿ ಮಗಳು ಇಂಚರ ನುಸುಳುತ್ತಾಳೆ, ನನಗಾಗದು.

ಸಾರು ಕುದಿಯುವಷ್ಟರಲ್ಲಿ ಕರ್ನೆಲ್‌ನ ದಾಖಲೆಯಲ್ಲಿ ದೋಷ ಸಿಕ್ಕಿತು. ಹೊರಟವರು “ಹೋಗಿ ಬರ್ತೀನಿ” ಅಂದಾಗಲೆಲ್ಲ, ಬರುತ್ತಾರೆಂದು ನಂಬಿ ಮನೆ ಹೊಸ ಜಾಗ ಹಿಡಿದಿಟ್ಟಿತ್ತು. ದಿನಾ ಶಾಲೆಗೆ ಹೋಗುವ ಇಂಚರಳದೇ ಹೆಚ್ಚು.

ವಿಷಯ ಹೇಳಿದಾಗ, ಶಾಲೆಗೆ ಹೊರಟವಳು ಬಾಗಿಲಾಚೆ ನಿಂತು ಕೇಳಿದಳು: “ಅಮ್ಮಾ, ಬರೀ ‘ಹೋಗ್ತೀನಿ’ ಅಂದ್ರೆ ನನ್ ಜಾಗ ಎಲ್ಲಾ ಬಿಡತ್ತಾ? ನೀನು ಹೊರಗೆ ಬರಬಹುದಾ?”

“ಬರಬಹುದು.”

“ಹಂಗಾದ್ರೆ ಹೋಗ್ತೀ—”

ಮೊಸರನ್ನ ಕಲಸಿದ ಕೈಯನ್ನೇ ಬಾಗಿಲಾಚೆ ಚಾಚಿ ಅವಳ ಬಾಯಿ ಮುಚ್ಚಿದೆ. “ಬಿಡ್ತು ಅನ್ನು! ಹೋಗಿ ಬರ್ತೀನಿ ಅನ್ನಮ್ಮ.”

ಅಂದಳು. ಬಾಗಿಲು ಇನ್ನೊಂದು ಬೆರಳು ಕಿರಿದಾಯಿತು. ಊಟದ ಡಬ್ಬಿಯನ್ನು ಓರೆ ಮಾಡಿ ಸಂದಿಯಿಂದ ದಾಟಿಸಿದೆ.