ಹೊಸ ಸೀರೆಯ ಪುರಾವೆ

'ಫೋಟೋ ಸ್ವೀಕಾರವಾಗಿಲ್ಲ.' ಮತ್ತದೇ ಕೆಂಪಕ್ಷರ. ಶಿವಕಾಂತಾ ಮೌಸನ್ನು ಮೇಜಿಗೆ ಕುಟ್ಟಿದಳು.

"ಇದರ ಬಾಯಾಗ ಮಣ್ಣು ಬೀಳಲಿ!"

"ಅದಕ್ಕ ಬಾಯಿ ಎಲ್ಲಿ ಅದ?" ದೇವಾನಂದ ಪೇಪರಿನಿಂದ ತಲೆ ಎತ್ತದೆ ಅಂದ. ಗಂಡಂದಿರಿಗೆ ಇಂಥ ಹೊತ್ತಿಗೇ ತಮಾಷೆ ಹೊಳೆಯುತ್ತದೆ.

ಕೋಥರೂಡಿನ ಈ ಫ್ಲ್ಯಾಟಿಗೆ ಬಂದ ಮೇಲೆ ಶಿವಕಾಂತಾ ಇಂಟರ್ನೆಟ್ಟಿನಲ್ಲಿ ಒಂದು ಸೀರೆ ಅಂಗಡಿ ತೆರೆದಿದ್ದಳು. ಹೆಸರು 'ಶ್ರಾವಣ ಸಾರೀಸ್'. 'ನಿನ್ನ ಸೀರೆ ಯಾರು ಕೊಳ್ತಾರ' ಎಂದು ನಕ್ಕಿದ್ದ ಗಂಡ, ಪಾರ್ಸಲ್ಲುಗಳು ಹೋಗತೊಡಗಿದ ಮೇಲೆ ಸುಮ್ಮನಾಗಿದ್ದ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳದೇ ಅನ್ನುವಂಥದ್ದು ಅದೊಂದೇ. ಅದಕ್ಕೂ ಈಗ ಬೀಗ ಬಿದ್ದಿತ್ತು. ತಕರಾರಿನಲ್ಲಿ ಸೋತರೆ ಅಂಗಡಿ ಕಾಯಂ ಬಂದ್.

ತಕರಾರು ಮಾಡಿದವನು ಊರಿನ ಇನ್ನೊಂದು ತುದಿಯ ಖರಾಡಿಯ ರಘುರಾಮ ಎಂಬಾತ. ಪಾರ್ಸಲ್ ಅವನ ಆಫೀಸಿಗೆ ಹೋಗಿತ್ತು. ಅವನು ಬ್ಯಾಂಕಿಗೆ ಹೇಳಿ ಕಾರ್ಡಿನ ಹಣ ತಡೆಹಿಡಿಸಿ, ಇಂಗ್ಲಿಷಿನಲ್ಲಿ ಬರೆದಿದ್ದ: 'ಇದು ಹೊಸ ಸೀರೆ ಅಲ್ಲ. ಸೆರಗಿನ ಮೂಲೆಯಲ್ಲಿ ಅರಿಷಿಣ ಇದೆ. ಯಾರಿಗೋ ಆಗಲೇ ಕೊಟ್ಟದ್ದನ್ನು ನನಗೆ ಮಾರಿದ್ದಾರೆ.'

"ಗಂಡಸಿಗೆ ಸೆರಗಿನ ಮೂಲಿ ನೋಡೋ ಉಸಾಬರಿ ಯಾಕ್ರಿ? ಅರಿಷಿಣ ಶುಭ! ನಮ್ಮ ಕಡೆ ಅರಿಷಿಣ ಹಚ್ಚಲಾರದ ಹೊಸಾ ಅರಿವಿ ಯಾರರ ಕೊಡ್ತಾರೇನು?"

ಪುರಾವೆ ಏರಿಸುವ ಆ ಸಾಫ್ಟ್‌ವೇರಿಗೆ ಶುಭ-ಅಶುಭ ಎಲ್ಲಿಂದ ತಿಳಿಯಬೇಕು! ಮೊದಲು ಸೀರೆ ಕೊಂಡ ಅಂಗಡಿಯ ಬಿಲ್ ಕೇಳಿತು. ಬಿಲ್ ಅವಳ ಹತ್ತಿರ ಇರಲಿಲ್ಲ. ಫಾಲ್ ಹಚ್ಚಿಲ್ಲ, ಬ್ಲೌಸ್ ಪೀಸ್ ಕತ್ತರಿಸಿಲ್ಲ ಎಂದು ತೋರಿಸುವ ಫೋಟೋ ಏರಿಸಿದಳು. ಇದು ಮಾರುವಾಗ ತೆಗೆದದ್ದು, ನಿಮ್ಮ ಕೈಗೆ ಬಂದಾಗ ಹೊಸದಿತ್ತೆಂದು ತೋರಿಸಿ ಅಂದಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

"ನಮ್ಮ ಹರ್ಷದಾಳಿಗೆ ಫೋನ್ ಹಚ್ಚು. ಆಕಿ ಕಂಪ್ಯೂಟರ್ ಕಂಪನಿಯಾಗ ಅದಾಳ, ಚಿಟಿಕಿ ಹೊಡಿಯೋದ್ರಾಗ ಮಾಡಿಕೊಡ್ತಾಳ," ಎಂದ ದೇವಾನಂದ.

"ಬ್ಯಾಡ್ರಿ! ನಿಮ್ಮ ತಂಗಿ ಮುಂದ ಮಾತ್ರ ಬಾಯಿ ಬಿಡಬ್ಯಾಡ್ರಿ."

ಅವನು ಒತ್ತಾಯಿಸಲಿಲ್ಲ. ಯಾವುದೋ ಸೀಮಂತಕ್ಕೆ ಕರೆಯಲಿಲ್ಲವೆಂದು ನಾದಿನಿ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು. ಹೋದ ವರ್ಷ ಗೃಹಪ್ರವೇಶಕ್ಕೆ ತಾನಾಗಿಯೇ ಬಂದು, ಅತ್ತು, 'ವೈನಿ, ಆಗಿದ್ದು ಆಗಿಹೋತು' ಎಂದು ತಬ್ಬಿಕೊಂಡಿದ್ದಳು. ಅಂದಿನಿಂದ ವಾರಕ್ಕೊಮ್ಮೆ ಫೋನು, ಹಬ್ಬಕ್ಕೊಮ್ಮೆ ಊಟ. ದೇವಾನಂದನಿಗೆ ಅದಕ್ಕಿಂತ ದೊಡ್ಡ ನೆಮ್ಮದಿ ಬೇರೆ ಇರಲಿಲ್ಲ.

ಗೃಹಪ್ರವೇಶ! ಶಿವಕಾಂತಾ ಅಂದಿನ ಫೋಟೋಗಳ ಸಿ.ಡಿ. ಹುಡುಕಿ ತೆಗೆದಳು. ಬೇಕಾದ ಫೋಟೋ ಸಿಕ್ಕಿತು. ಮಣೆಯ ಮೇಲೆ ಕುಳಿತ ಅವಳ ಉಡಿಯಲ್ಲಿ ಈಗ ಮಾರಿದ ಅದೇ ಹಸಿರು ಸೀರೆ, ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ. ಫೋಟೋದ ಮೂಲೆಯಲ್ಲಿ ತಾರೀಖೂ ಇದೆ. ಇದಕ್ಕಿಂತ ಪುರಾವೆ ಬೇಕೆ?

ಉಡುಗೊರೆ ಬಂದದ್ದನ್ನು ಮಾರಿದರೆ ತಪ್ಪೇನು? ಆಯೇರಿಯ ಸೀರೆಗಳನ್ನು ಯಾರು ಉಡುತ್ತಾರೆ? ಟ್ರಂಕಿನಿಂದ ಟ್ರಂಕಿಗೆ, ಮನೆಯಿಂದ ಮನೆಗೆ ತಿರುಗುತ್ತವೆ. ಹಸಿರು ತನಗೆ ಒಪ್ಪುವುದಿಲ್ಲ. ತಾನು ಇಂಟರ್ನೆಟ್ಟಿನಲ್ಲಿ ತಿರುಗಿಸಿದ್ದು, ಅಷ್ಟೇ. ಮಡಿಕೆಯೊಳಗಿನ ಅರಿಷಿಣ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಎದುರು ಬಗ್ಗಿ ನಿಂತವರನ್ನು ಕತ್ತರಿಸಿ, ಸೀರೆಯಷ್ಟೇ ಉಳಿಸಿ ಏರಿಸಿದಳು.

'ಕತ್ತರಿಸಿದ ಫೋಟೋ ನಡೆಯುವುದಿಲ್ಲ. ಪೂರ್ತಿ ಫೋಟೋ ಹಾಕಿ.'

"ಎಲ್ಲಾ ತಿಂತೀ ಏನಪಾ? ತಿನ್ನು!" ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು. ಗಡುವು ಮುಗಿಯುತ್ತಾ ಬಂದಿತ್ತು. ಖರಾಡಿಯ ಯಾವನೋ ರಘುರಾಮ ತನ್ನ ಮನೆಯ ಫೋಟೋ ನೋಡಿದರೆ ನೋಡಲಿ. ಪೂರ್ತಿ ಫೋಟೋ ಏರಿಸಿ, ಮುಖ ತೊಳೆಯಲು ಎದ್ದು ಹೋದಳು.

ಮರುದಿನ ಮಧ್ಯಾಹ್ನ ಉತ್ತರ ಬಂತು. ಗಿರಾಕಿ ಪುರಾವೆ ನೋಡಿದ್ದಾರೆ, ತಕರಾರು ವಾಪಸ್ ಪಡೆದಿದ್ದಾರೆ, ನಿಮ್ಮ ಅಂಗಡಿ ತೆರೆದಿದೆ.

"ಗೆದ್ದೆ ನೋಡ್ರಿ!" ಎಂದು ಊಟಕ್ಕೆ ಬಂದಿದ್ದ ಗಂಡನಿಗೆ ಕೇಳುವಂತೆ ಕೂಗಿದಳು. ಅವನು ಬಂದು ಹಿಂದೆ ನಿಂತ. ಕೆಳಗೆ ಗಿರಾಕಿಯ ಮಾತು ಇತ್ತು. ಇಂಗ್ಲಿಷ್ ಅಕ್ಷರ, ಆದರೆ ಭಾಷೆ ಕನ್ನಡ. ಇಬ್ಬರೂ ಒಟ್ಟಿಗೇ ಓದಿದರು:

'ವೈನಿ, ಸೀರಿ ಹೊಸಾದೇ ಅದ, ಒಪ್ಪಿದೆ. ಅದನ್ನ ನಾನೇ ನಿಮ್ಮ ಉಡಿಯಾಗ ಹಾಕಿದಾಗಿಂದ ನನಗೂ ಅಂಥಾದ್ದೇ ಉಟ್ಟು ನಿಮ್ಮ ಬಾಜೂಕ ನಿಂದ್ರೋ ಆಸೆ ಇತ್ತು, ಅದಕ್ಕೇ ಅಂಗಡಿ ನಿಮ್ಮದಂತ ತಿಳೀದ ನಮ್ಮ ಆಫೀಸಿನ ರಘುರಾಮ ಸರ್ ಕಾರ್ಡಿನಿಂದ ತರಿಸಿದ್ದೆ. — ಹರ್ಷದಾ.'